ಮಾಂಜಿಯ ಮೈಗೆ ಮೀನೆಣ್ಣೆ

ಕಾಪುವಿನಲ್ಲಿ ಹರಿಣಾಕ್ಷಿ ಯಾರೆಂದು ಗೊತ್ತಿಲ್ಲ ಎನ್ನುವವರು ಒಂದೋ ಮೀನು ತಿನ್ನದವರಾಗಿರಬೇಕು, ಇಲ್ಲವೇ ಕಿವಿ ಕೇಳದವರಾಗಿರಬೇಕು. ಮಾರ್ಕೆಟಿನಲ್ಲಿ ಬುಟ್ಟಿ ಇಳಿಸಿ ಬಂಗುಡೆ ಬಂತೆಂದು ಅವಳು ಒಮ್ಮೆ ಕೂಗಿದರೆ, ರಸ್ತೆಯಾಚೆ ಬಸ್ಸಿಗೆ ಕಾಯುತ್ತಿದ್ದವರು ಬಸ್ಸು ಬಿಟ್ಟು ಚೀಲ ಹಿಡಿದುಕೊಂಡು ಬರುತ್ತಾರೆ. ಸಿಟ್ಟು ಅವಳ ಮೂಗಿನ ತುದಿಯಲ್ಲಿ, ನಗು ಅದಕ್ಕಿಂತಲೂ ಒಂದು ಬೆರಳು ಮುಂದೆ. ಬೈಯುತ್ತ ಬೈಯುತ್ತಲೇ ಒಂದು ಮೀನು ಹೆಚ್ಚಿಗೆ ಹಾಕುವವಳು. ಅಪ್ಪ ತೀರಿಕೊಂಡ ಮೇಲೆ ತಮ್ಮ ಚಂದುವನ್ನು ಸಾಕಿ, ಬೋಟಿಗೆ ಸೇರಿಸಿ, ಮದುವೆ ಮಾಡಿಸಿ, ಬೇರೆ ಮನೆ ಹೂಡಿಕೊಟ್ಟಳು. ಅಷ್ಟು ಹೊತ್ತಿಗೆ ತನ್ನದೊಂದು ಮದುವೆ ಬಾಕಿ ಇದೆ ಎನ್ನುವುದೇ ಮರೆತುಹೋಗಿತ್ತು. ಯಾರಾದರೂ ಕೇಳಿದರೆ ಪುರುಸೊತ್ತು ಎಲ್ಲಿತ್ತು ಮಾರಾಯ್ರೆ ಎಂದು ನಕ್ಕುಬಿಡುತ್ತಾಳೆ.

ಇಂಥವಳ ಹಿತ್ತಲಿನಲ್ಲಿ ಒಂದು ಕುದುರೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಕಟಪಾಡಿಯ ಡೆರಿಕ್ ಎಂಬವನು ಮೊದಲು ಕಾಪು ಬೀಚಿನಲ್ಲಿ ಮಕ್ಕಳಿಗೆ ಕುದುರೆ ಸವಾರಿ ಮಾಡಿಸುತ್ತಿದ್ದ. ಅವನಿಗೆ ಹಡಗಿನಲ್ಲಿ ಅಡುಗೆ ಕೆಲಸ ಸಿಕ್ಕಿತು. ಒಂದು ತಿಂಗಳು ಇವಳನ್ನು ನೋಡಿಕೊಳ್ಳಿ ಅಕ್ಕ, ನೀವು ಹೇಗೂ ದಿನಾ ಬೆಲ್ಲ ತಿನ್ನಿಸುತ್ತೀರಿ ಎಂದು ಹಗ್ಗವನ್ನು ಹರಿಣಾಕ್ಷಿಯ ಕೈಗೆ ಕೊಟ್ಟ. ಹಡಗು ಹೋಯಿತು, ಡೆರಿಕ್ ಹೋದ, ತಿಂಗಳೂ ಹೋಯಿತು. ಕಡೆಗೆ ಯಾವುದೋ ಬಂದರಿನಿಂದ ವಾಟ್ಸಾಪ್ ಕರೆ ಮಾಡಿ, ಇಟ್ಟುಕೊಳ್ಳಿ ಅಕ್ಕ, ನಾನು ಸದ್ಯಕ್ಕೆ ಬರುವ ಹಾಗಿಲ್ಲ ಎಂದ. ಹರಿಣಾಕ್ಷಿ ಫೋನಿನಲ್ಲಿ ಅವನಿಗೆ ಚೆನ್ನಾಗಿ ಬೈದಳು. ಫೋನಿಟ್ಟ ಮೇಲೆ ಕುದುರೆಯ ಕುತ್ತಿಗೆಗೆ ಜೋತುಬಿದ್ದು ಕುಣಿದಳು.

ಡೆರಿಕ್ ಅದಕ್ಕೆ ಜೂಲಿ ಎಂದು ಹೆಸರಿಟ್ಟಿದ್ದ. ಹರಿಣಾಕ್ಷಿಗೆ ಆ ಹೆಸರು ಒಪ್ಪಿಗೆಯಾಗಲಿಲ್ಲ. ಬೆಳ್ಳಗೆ, ಮಿರಿಮಿರಿ ಹೊಳೆಯುವ ಹೆಣ್ಣು ಕುದುರೆ. ಸಣ್ಣಂದಿನಿಂದ ಮೀನಿನ ಬುಟ್ಟಿ ಹೊತ್ತವಳಿಗೆ ಲೋಕದಲ್ಲಿ ಅಷ್ಟು ಬೆಳ್ಳಗಿನ ಚಂದದ ವಸ್ತು ಇನ್ನೊಂದೇ ಗೊತ್ತಿದ್ದದ್ದು. ಹೊರಗಿನವರು ಪಾಂಫ್ರೆಟ್ ಎಂದು ಕರೆಯುವ ಮೀನನ್ನು ನಮ್ಮ ಕಡೆ ಮಾಂಜಿ ಎನ್ನುತ್ತಾರೆ. ಆದ್ದರಿಂದ ಕುದುರೆ ಮಾಂಜಿಯಾಯಿತು. ಕುದುರೆಗೆ ಮೀನಿನ ಹೆಸರಿಡುವುದುಂಟೇ ಎಂದು ಮೂಗು ಮುರಿದವರಿಗೆ, ಹಾಗಾದರೆ ನಿನ್ನ ಮಗಳಿಗೆ ಹೂವಿನ ಹೆಸರು ಯಾಕಿಟ್ಟೆ ಎಂದು ಕೇಳಿ ಬಾಯಿ ಮುಚ್ಚಿಸಿದಳು. ಬೆಳಿಗ್ಗೆ ಮೀನು, ಸಂಜೆ ಕುದುರೆ. ಭಾನುವಾರ ಬಂತೆಂದರೆ ಬೀಚಿನಲ್ಲಿ ಮಕ್ಕಳನ್ನು ಕೂರಿಸಿ, ತಾನು ಹಗ್ಗ ಹಿಡಿದು, ಲೈಟ್‌ಹೌಸಿನ ಬಂಡೆಯಿಂದ ಗೂಡಂಗಡಿಗಳವರೆಗೆ ಹೋಗಿ ಬರುವುದು. ತಾನು ಮಾತ್ರ ಒಂದು ದಿನವೂ ಹತ್ತಿ ಕೂತವಳಲ್ಲ. ಮಾರ್ಕೆಟಿನಿಂದ ಬರುವ ಅವಳ ಹೆಜ್ಜೆ ಸದ್ದು ಗೇಟಿನ ಹತ್ತಿರ ಕೇಳಿದ ಕೂಡಲೇ ಹಿತ್ತಲಿನಿಂದ ಮಾಂಜಿ ಕೆನೆಯುತ್ತಿತ್ತು. ಮನೆಗೆ ಬಂದಾಗ ಹೀಗೆ ಕರೆಯುವವರು ಅವಳಿಗೆ ಅದುವರೆಗೆ ಯಾರೂ ಇರಲಿಲ್ಲ.

ಕಳೆದ ಮಳೆಗಾಲದಲ್ಲಿ ಆಟಿ ತಿಂಗಳು ಹಿಡಿಯುವ ಹೊತ್ತಿಗೆ ಮಾಂಜಿಯ ಬೆನ್ನಿನ ಮೇಲೆ ದುಂಡಗೆ ಒಂದು ಕಡೆ ಕೂದಲು ಉದುರಿತು. ನಾಲ್ಕು ದಿನದಲ್ಲಿ ಭುಜದ ಮೇಲೆ ಇನ್ನೊಂದು, ಪಕ್ಕೆಯಲ್ಲಿ ಮತ್ತೊಂದು. ಒಳಗಿನ ಚರ್ಮ ಬೂದಿ ಬಣ್ಣಕ್ಕೆ ತಿರುಗಿ ಹೊಟ್ಟು ಹೊಟ್ಟಾಗಿ ಏಳುತ್ತಿತ್ತು. ಹುಳುಕಡ್ಡಿ ಎಂದರು ಕೆಲವರು. ಹರಿಣಾಕ್ಷಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಳೆಗಾಲದಲ್ಲಿ ಬೋಟುಗಳನ್ನು ದಡಕ್ಕೆ ಎಳೆದು ಹಾಕಿ, ಮರ ಹಾಳಾಗದಿರಲೆಂದು ಬೂತಾಯಿ ಮೀನಿನ ಎಣ್ಣೆ ಬಳಿಯುವುದನ್ನು ಅವಳು ಹುಟ್ಟಿದಂದಿನಿಂದ ನೋಡಿದ್ದಾಳೆ. ಉಪ್ಪುನೀರು, ಮಳೆ, ಹುಳ ಎಲ್ಲವನ್ನೂ ತಡೆದು ದೋಣಿಯನ್ನು ಕಾಪಾಡುವ ಎಣ್ಣೆ ಕುದುರೆಯನ್ನು ಕಾಪಾಡದೆ ಇರುತ್ತದೆಯೇ? ಅವಳ ಲೆಕ್ಕಾಚಾರದಲ್ಲಿ ತಪ್ಪು ಹುಡುಕುವ ಧೈರ್ಯ ಯಾರಿಗಿತ್ತು? ಚಂದುವಿನ ಬೋಟಿಗೆಂದು ತಂದ ಎಣ್ಣೆಯ ಡಬ್ಬಿ ಎತ್ತಿಕೊಂಡು ಹೋಗಿ, ಕಿವಿಯಿಂದ ಬಾಲದವರೆಗೆ ಎರಡು ಕೋಟು ಬಳಿದಳು.

ಮಾರನೆಯ ದಿನ ಬೆಳಿಗ್ಗೆ ಹಿತ್ತಲು ನೋಡಬೇಕಿತ್ತು. ಊರಿನ ಅಷ್ಟೂ ಬೆಕ್ಕುಗಳು ಬಾವಿಕಟ್ಟೆಯ ಮೇಲೆ ಸಾಲಾಗಿ ಕೂತಿದ್ದವು. ತೆಂಗಿನ ಮರದಲ್ಲಿ ಕಾಗೆಗಳ ಸಭೆ. ಮೇಲೆ ಗಿಡುಗವೊಂದು ಇಷ್ಟು ದೊಡ್ಡ ಮೀನನ್ನು ಎತ್ತುವುದು ಹೇಗಪ್ಪ ಎಂದು ಸುತ್ತು ಹಾಕುತ್ತಿತ್ತು. ಮಾಂಜಿಯನ್ನು ಬೀಚಿಗೆ ಹೊರಡಿಸಿದರೆ ಬೆಕ್ಕುಗಳೂ ಹೊರಟವು. ಮುಂದೆ ಹರಿಣಾಕ್ಷಿ, ನಡುವೆ ಸೀನುತ್ತ ಸೀನುತ್ತ ಕುದುರೆ, ಹಿಂದೆ ಬಾಲವೆತ್ತಿದ ಬೆಕ್ಕುಗಳ ಮೆರವಣಿಗೆ. ಮಣಿಪಾಲದಿಂದ ಮಳೆ ನೋಡಲು ಬಂದಿದ್ದ ಕಾಲೇಜು ಹುಡುಗಿಯರು ಅದನ್ನು ವಿಡಿಯೊ ಮಾಡಿ ಹಾಕಿದರು. ಸಂಜೆಯೊಳಗೆ ಕಾರ್ಕಳದಲ್ಲಿರುವ ಅವಳ ಚಿಕ್ಕಮ್ಮನ ಫೋನಿಗೂ ಅದು ಬಂದು ಮುಟ್ಟಿತ್ತು. ಹರಿಣಾಕ್ಷಿ ಮೊದಲು ಸಿಟ್ಟಾದಳು. ಆಮೇಲೆ ತನ್ನ ಫೋನಿನಲ್ಲೇ ಅದನ್ನು ನೋಡಿ, ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಎಣ್ಣೆ ಬಳಿದಷ್ಟೂ ದುಂಡು ಗುರುತುಗಳು ದೊಡ್ಡದಾದವು. ಅವಳ ಮುಂಗೈಯಲ್ಲೂ ಕೆಂಪು ಬಳೆಯ ಹಾಗೆ ಒಂದೆರಡು ಎದ್ದವು. ಸವಾರಿ ಮಾಡಿದ್ದ ಪ್ರವಾಸಿಗರ ಮಗುವೊಂದಕ್ಕೆ ತೊಡೆಯಲ್ಲಿ ಅದೇ ಬಂತೆಂದು ಅದರ ತಂದೆ ಬಂದು ಗಲಾಟೆ ಮಾಡಿದ. ಬೀಚಿನ ಅಂಗಡಿಯವರ ಸಂಘಕ್ಕೆ ಐಸ್‌ಕ್ರೀಮ್ ಮಾರುವ ರೊಸಾರಿಯೊ ಅಧ್ಯಕ್ಷರು. ಒಳ್ಳೆಯ ಮನುಷ್ಯ. ಒಳ್ಳೆಯವರು ಮೆತ್ತಗೆ ಹೇಳುವ ಮಾತೇ ಹೆಚ್ಚು ನಾಟುವುದು ನೋಡಿ. ಅವರು ಮನೆಗೇ ಬಂದು, ಕೊಟ್ಟ ಚಹಾ ಕುಡಿದು, ತಲೆ ತಗ್ಗಿಸಿಕೊಂಡು ಹೇಳಿದರು.

"ದೀಪಾವಳಿಗೆ ಬೀಚಿನಲ್ಲಿ ಜನ ತುಂಬುತ್ತದೆ ಅಕ್ಕ. ಅಷ್ಟರೊಳಗೆ ಗುಣ ಆದರೆ ಸರಿ. ಇಲ್ಲದಿದ್ದರೆ ಮೈಸೂರಿನ ಕುದುರೆಗಾಡಿಯವರು ಲಾರಿ ಕಳಿಸುತ್ತಾರೆ, ಅವರಿಗೆ ಕೊಟ್ಟುಬಿಡುವ. ಅವರ ಹತ್ತಿರ ಜಾಗ ಉಂಟು, ಕುದುರೆ ಗೊತ್ತಿದ್ದವರು ಇದ್ದಾರೆ."

ರೊಸಾರಿಯೊ ಹೋದ ಮೇಲೆ ಹರಿಣಾಕ್ಷಿ ಹಿತ್ತಲಿಗೆ ಹೋಗಿ ಮಾಂಜಿಯ ಪಕ್ಕದಲ್ಲಿ ಕೂತು ಅತ್ತಳು. ಅವಳನ್ನು ಬಿಟ್ಟು ಇರಲು ತನ್ನಿಂದ ಸಾಧ್ಯವಿಲ್ಲ ಎಂದು ಚಂದುವಿಗೆ ಫೋನು ಮಾಡಿ ನೇರವಾಗಿ ಹೇಳಿದಳು. ಅಕ್ಕ ಅಳುವುದನ್ನು ಅಪ್ಪನ ಸಾವಿನಲ್ಲಿ ಕೂಡ ಕಾಣದಿದ್ದ ಚಂದು ಗಾಬರಿಯಾಗಿ ಓಡಿ ಬಂದ. ಅಲ್ಲಿಂದ ಡಾಕ್ಟರರ ಹುಡುಕಾಟ ಶುರುವಾಯಿತು.

ಹತ್ತಿರದವರೆಲ್ಲ ದನ, ನಾಯಿ ನೋಡುವವರು. ಅವರೇ ಹೇಳಿಕೊಟ್ಟದ್ದು ಡಾಕ್ಟರ್ ಮೇಧಾ ಅವರ ಹೆಸರನ್ನು. ಅಲೆವೂರಿನವರು, ಕೆಲಸ ಕಾರ್ಕಳದಲ್ಲಿ, ಓದುವಾಗ ಬೆಂಗಳೂರಿನಲ್ಲಿ ಕುದುರೆಗಳ ಜೊತೆ ಸ್ವಲ್ಪ ಕಾಲ ಇದ್ದವರು. ಭಾನುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಬಂದಿಳಿದರು. ಅವರದ್ದು ಮಠದ ಅಡುಗೆ ಭಟ್ಟರ ಮನೆತನ, ಈರುಳ್ಳಿಯ ವಾಸನೆಯೇ ಮನೆಯಲ್ಲಿ ಅಪರೂಪ. ಗೇಟಿನ ಒಳಗೆ ಕಾಲಿಟ್ಟವರು ಒಂದು ನಿಮಿಷ ಉಸಿರು ಹಿಡಿದು ನಿಂತರು. ಆದರೂ ಸೆರಗಿನಿಂದ ಮೂಗು ಮುಚ್ಚದೆ ನೇರ ಕುದುರೆಯ ಹತ್ತಿರ ಹೋಗಿ, ಬ್ಯಾಟರಿ ಬೆಳಕು ಬಿಟ್ಟು ನೋಡಿ, ನಾಲ್ಕು ಕೂದಲು ಕಿತ್ತು ಲ್ಯಾಬಿಗೆಂದು ಪೊಟ್ಟಣ ಕಟ್ಟಿದರು. ಹರಿಣಾಕ್ಷಿಗೆ ಆವಾಗಲೇ ಅವರ ಮೇಲೆ ಮನಸ್ಸು ಕೂತಿತು.

"ಇದು ಬೂಷ್ಟು ಅಕ್ಕ. ಮಳೆಗಾಲದಲ್ಲಿ ಚಪ್ಪಲಿಗೆ ಹಿಡಿಯುತ್ತದೆ ಅಲ್ವಾ, ಅದರದೇ ದಾಯಾದಿ. ಇದು ಹೋಗಲು ಬಿಸಿಲು ಬೇಕು, ಮೈ ಒಣಗಿರಬೇಕು. ನೀವು ಎಣ್ಣೆ ಬಳಿದು ಅದಕ್ಕೆ ಕೊಡೆ ಹಿಡಿದದ್ದು."

ಎಣ್ಣೆ ಹೋಗಲು ಎಷ್ಟು ಶಾಂಪೂ ಬೇಕಾಯಿತೋ ಆ ಬಾವಿಗೇ ಗೊತ್ತು. ಹಿತ್ತಲಿನ ತುಂಬ ನೊರೆ, ನೊರೆಯ ನಡುವೆ ಚಂದು, ಬೇಸರದಿಂದ ಕಟ್ಟೆ ಬಿಟ್ಟು ಹೋಗುತ್ತಿರುವ ಬೆಕ್ಕುಗಳು. ಆಮೇಲೆ ಡಾಕ್ಟರ್ ಗಂಧಕ ಮತ್ತು ಸುಣ್ಣ ಕುದಿಸಿ ಮಾಡಿದ ಔಷಧದ ನೀರು ಕೊಟ್ಟರು. ಮೈಮೇಲೆಲ್ಲ ಸುರಿಯಬೇಕು, ತೊಳೆಯಬಾರದು, ಹಾಗೇ ಒಣಗಬೇಕು. ಮೀನಿನ ವಾಸನೆ ಹೋಗಿ ಕೊಳೆತ ಮೊಟ್ಟೆಯ ವಾಸನೆ ಬಂತು. ನೆರೆಮನೆಯವರು ಮೀನೆಣ್ಣೆಯ ಕಾಲವೇ ಸುಖವಾಗಿತ್ತು ಎಂದು ನೆನೆಸಿಕೊಂಡರು. ಅದು ಸಾಲದೆಂದು ಔಷಧ ಒಣಗಿದಾಗ ಬಿಳಿ ಕುದುರೆ ಅಡಿಯಿಂದ ಮುಡಿಯವರೆಗೆ ಹಳದಿ. ಚಂದು ದೂರ ನಿಂತು, ಕೈಕಟ್ಟಿ, ಬಹಳ ಹೊತ್ತು ನೋಡಿದ.

"ಅರಸಿನ, ಉಪ್ಪು ಹಚ್ಚಿ ಆಯಿತಲ್ಲ ಅಕ್ಕ. ಇನ್ನು ಕಾವಲಿ ಒಂದು ಬಾಕಿ."

ಹರಿಣಾಕ್ಷಿ ಅಂಗಳ ಗುಡಿಸುವ ಹಿಡಿಸೂಡಿ ಎತ್ತಿಕೊಂಡು ಅವನನ್ನು ಅಂಗಳದ ಸುತ್ತ ಅಟ್ಟಿಸಿಕೊಂಡು ಹೋದಳು. ಮೂರನೆಯ ಸುತ್ತಿನಲ್ಲಿ ಇಬ್ಬರಿಗೂ ನಗು ತಡೆಯಲಾಗದೆ ಅಲ್ಲೇ ನೆಲದಲ್ಲಿ ಕೂತರು. ಮಾಂಜಿ ತನ್ನ ಹಳದಿ ಮುಖವನ್ನು ಗೋಡೆಯ ಮೇಲಿಟ್ಟು ಇವರನ್ನು ನೋಡುತ್ತಿತ್ತು.

ಡಾಕ್ಟರ್ ಹೇಳಿದ ಪಥ್ಯಗಳಲ್ಲಿ ಬೇರೆ ಎಲ್ಲ ಸುಲಭ. ಜೀನು ಒರೆಸುವುದು, ಹಗ್ಗ ಕುದಿಸುವುದು, ಬ್ರಷ್ಷು ಹೊಸತು ತರುವುದು, ನೆಲಕ್ಕೆ ಬ್ಲೀಚಿಂಗ್ ಹಾಕುವುದು, ಉದುರಿದ ಕೂದಲನ್ನು ಗುಡಿಸಿ ಸುಡುವುದು. ತನ್ನ ಕೈಯ ಕೆಂಪು ಬಳೆಗಳಿಗೆ ಮಣಿಪಾಲಕ್ಕೆ ಹೋಗಿ ಚರ್ಮದ ಡಾಕ್ಟರರಿಂದ ಮುಲಾಮು ತಂದದ್ದೂ ಆಯಿತು. ಇದು ಯಾರಿಂದ ಬಂತೆಂದು ಅವರು ಕೇಳಿದಾಗ ನಮ್ಮ ಕುದುರೆಯಿಂದ ಎಂದು ಹೆಮ್ಮೆಯಿಂದಲೇ ಹೇಳಿದಳಂತೆ. ಕಷ್ಟವಾದದ್ದು ಒಂದೇ. ಗುಣವಾಗುವವರೆಗೆ ಗ್ಲೌಸ್ ಹಾಕದೆ ಮಾಂಜಿಯನ್ನು ಮುಟ್ಟಕೂಡದು, ಕುತ್ತಿಗೆಗೆ ಜೋತುಬೀಳಕೂಡದು, ಕೆನ್ನೆಗೆ ಕೆನ್ನೆ ತಾಗಿಸಕೂಡದು. ನೀಲಿ ಗ್ಲೌಸಿನ ಕೈಯನ್ನು ಮಾಂಜಿ ಮೂಸಿ, ಇದು ಯಾರದ್ದೋ ಎಂದು ಮುಖ ತಿರುಗಿಸಿದಾಗ ಹರಿಣಾಕ್ಷಿ ಗ್ಲೌಸನ್ನು ಅರ್ಧ ಕಳಚಿ ಮತ್ತೆ ಎಳೆದುಕೊಂಡಳು. ಹಟ ಹಿಡಿದು ಎಲ್ಲವನ್ನೂ ಪಾಲಿಸಿದಳು.

ಗುರುತುಗಳು ಮಾಯತೊಡಗಿದವು. ಹೊಸ ಕೂದಲು ಮೆಲ್ಲಗೆ ಎದ್ದಿತು. ಹರಿಣಾಕ್ಷಿಯ ಕಾಲು ನೆಲದ ಮೇಲಿರಲಿಲ್ಲ. ಮಾರ್ಕೆಟಿನಲ್ಲಿ ಕೇಳಿದವರಿಗೂ ಕೇಳದವರಿಗೂ ಕುದುರೆಯ ಸುದ್ದಿ ಹೇಳಿ ಹೇಳಿ, ಬಂಗುಡೆ ಕೇಳಿದವರಿಗೆ ಬೂತಾಯಿ ಕಟ್ಟಿಕೊಟ್ಟಳು. ಅಷ್ಟರಲ್ಲಿ, ಮಳೆ ಕಡಿಮೆಯಾಗುವ ಹೊತ್ತಿಗೆ, ಅದೇ ಬೆನ್ನಿನಲ್ಲಿ, ಅದೇ ಭುಜದಲ್ಲಿ ಮತ್ತೆ ದುಂಡಗೆ ಕೂದಲು ಹೋಯಿತು. ಮತ್ತೆ ಹಳದಿ ನೀರು, ಮತ್ತೆ ಮೊಟ್ಟೆಯ ವಾಸನೆ. ಮತ್ತೆ ಮಾಯಿತು, ಮತ್ತೆ ಬಂತು. ಲ್ಯಾಬಿನವರು ಬೂಷ್ಟು ಇನ್ನೂ ಉಂಟು ಎಂದು ಬರೆದು ಕಳಿಸಿದರು. ಮೇಧಾ ಅವರ ಮುಖ ಸಣ್ಣದಾಯಿತು. ಮೈಗೆ ತಾಗುವ ಎಲ್ಲವನ್ನೂ ತೊಳೆದಿದ್ದೀರಾ ಎಂದು ಪ್ರತಿ ಭಾನುವಾರವೂ ಕೇಳಿದರು. ಪ್ರತಿ ಭಾನುವಾರವೂ ಹರಿಣಾಕ್ಷಿ ಒಂದೊಂದನ್ನೇ ಬೆರಳು ಮಡಚಿ ಹೇಳಿದಳು. ಅವಳು ಸುಳ್ಳು ಹೇಳಲಿಲ್ಲ, ಅಷ್ಟು ಮಾತ್ರ ನಿಮಗೆ ಈಗಲೇ ಹೇಳಿಬಿಡುತ್ತೇನೆ.

ಒಂದು ದಿನ ಮೇಧಾ ಕೆಲಸ ಮುಗಿಸಿ ಕಾರ್ಕಳದಿಂದ ನೇರ ಕಾಪುವಿಗೆ ಬಂದರು. ಅಲ್ಲಿಯವರೆಗೆ ಅವರು ಬಂದದ್ದೆಲ್ಲ ಬೆಳಗಿನ ಹೊತ್ತು. ಅವತ್ತು ಸಂಜೆ. ನನಗಿನ್ನು ದಾರಿ ತೋಚುವುದಿಲ್ಲ ಅಕ್ಕ, ಮೈಸೂರಿಗೆ ಕಳಿಸುವುದೇ ಅವಳಿಗೆ ಒಳ್ಳೆಯದೋ ಏನೋ ಎಂದು ಹೇಳಲೆಂದೇ ಬಂದವರು. ಅದನ್ನು ಮುಂದೂಡುತ್ತ ಹಿತ್ತಲಿನ ಕಲ್ಲಿನ ಮೇಲೆ ಕೂತಿದ್ದರು. ಹೊತ್ತು ಕಂತುತ್ತಿತ್ತು, ಕಡಲಿನ ಗಾಳಿ ತಣ್ಣಗಾಯಿತು. ಹರಿಣಾಕ್ಷಿ ಒಳಗೆ ಹೋಗಿ ಕಪಾಟಿನಿಂದ ಒಂದು ಪ್ಲಾಸ್ಟಿಕ್ ಕವರು ತಂದಳು. ಅದರೊಳಗಿಂದ ಜರಿ ಅಂಚಿನ ಕೆಂಪು ಶಾಲೊಂದನ್ನು ನಾಜೂಕಾಗಿ ತೆಗೆದು ಮಾಂಜಿಯ ಬೆನ್ನು, ಭುಜ, ಪಕ್ಕೆಗಳ ಮೇಲೆ ಹೊದಿಸಿದಳು.

"ಇದು ಎಂತ ಅಕ್ಕ?"

"ಶಾಲು. ಸಂಜೆಯ ಗಾಳಿಗೆ ಶೀತ ಆಗುತ್ತದೆ ಅಲ್ವಾ. ಬೆಳಿಗ್ಗೆ ತೆಗೆದು ಮಡಚಿ ಒಳಗಿಡುತ್ತೇನೆ."

"ಇದನ್ನು ಒಗೆದದ್ದು ಯಾವಾಗ?"

ಹರಿಣಾಕ್ಷಿ ಡಾಕ್ಟರರನ್ನು ಪಾಪದವರನ್ನು ನೋಡುವ ಹಾಗೆ ನೋಡಿದಳು. "ಸನ್ಮಾನದ ಶಾಲು ಯಾರಾದರೂ ಒಗೆಯುವುದುಂಟಾ ಡಾಕ್ಟ್ರೇ?"

ನಮ್ಮ ಜಿಲ್ಲೆಯ ವಿಷಯ ನಿಮಗೆ ಗೊತ್ತೇ ಇದೆ. ಇಲ್ಲಿ ಒಂದು ಜಾಗದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ ಯಾರಾದರೂ ಬಂದು ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ತಟ್ಟೆ ಕೈಗೆ ಕೊಟ್ಟು ಫೋಟೊ ತೆಗೆಯುತ್ತಾರೆ. ನಿವೃತ್ತರಾದ ಮೇಷ್ಟ್ರುಗಳ ಕಪಾಟಿನಲ್ಲಿ ಅಂಗಿಗಿಂತ ಶಾಲು ಹೆಚ್ಚು. ಎಲ್ಲವೂ ಮಡಿಕೆ ಬಿಚ್ಚದೆ, ಕವರಿನೊಳಗೆ. ಆದರೆ ದಿನಾ ಮೀನಿನ ಬುಟ್ಟಿ ಹೊತ್ತು ಹೋಗುವ ಹೆಂಗಸರ ತಲೆಯ ಮೇಲೆ ಬುಟ್ಟಿ ಮಾತ್ರ, ಹೆಗಲ ಮೇಲೆ ಶಾಲು ಬೀಳುವುದಿಲ್ಲ. ಹರಿಣಾಕ್ಷಿಗೆ ಬಿದ್ದದ್ದು ಅದೊಂದೇ. ಊರಿನ ಯುವಕ ಮಂಡಲದವರು ವಾರ್ಷಿಕೋತ್ಸವಕ್ಕೆ ಕರೆದು, ಕುದುರೆ ಸಾಕಿದ ಸಾಧಕಿ ಎಂದು ಮೈಕಿನಲ್ಲಿ ಹೊಗಳಿ ಹೊದಿಸಿದ್ದರು. ಅವಳು ಗಳಗಳನೆ ಅತ್ತು, ಸಾಧನೆ ಇವಳದ್ದು ಎಂದು ವೇದಿಕೆಯಿಂದಿಳಿದು ಬಂದು ಅದನ್ನು ಮಾಂಜಿಗೆ ಹೊದಿಸಿದ್ದಳು. ಅಂದಿನಿಂದ ಅದು ಅವಳ ಪಾಲಿಗೆ ಬಟ್ಟೆಯೇ ಅಲ್ಲ. ಮೈಗೆ ತಾಗುವ ಬಟ್ಟೆ ಯಾವುದೆಂದು ಡಾಕ್ಟರ್ ಕೇಳಿದಾಗಲೆಲ್ಲ ಅದು ನೆನಪಿಗೆ ಬಾರದ್ದು ಅದಕ್ಕೇ. ರಾತ್ರಿಯಿಡೀ ಕುದುರೆಯ ಬೆವರು, ಹಗಲಿಡೀ ಪ್ಲಾಸ್ಟಿಕ್ಕಿನ ಬೆಚ್ಚನೆ ಮನೆ. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಬಿಡಾರ ಎಲ್ಲಿ ಸಿಗಬೇಕು?

ಮೇಧಾ ಮೊದಲು ಬಾಯಿಗೆ ಕೈ ಅಡ್ಡ ಹಿಡಿದರು. ಆಮೇಲೆ ನಗಲು ಶುರುಮಾಡಿದವರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ತಿಂಗಳುಗಟ್ಟಲೆ ಪುಸ್ತಕ ತಿರುವಿದ್ದು, ಬೆಂಗಳೂರಿನ ಮೇಷ್ಟ್ರಿಗೆ ಫೋನು ಮಾಡಿದ್ದು, ನಿದ್ದೆಗೆಟ್ಟದ್ದು ಎಲ್ಲ ಆ ನಗುವಿನಲ್ಲಿ ಹೊರಗೆ ಬಂತು. ಹರಿಣಾಕ್ಷಿಗೆ ಮಾತ್ರ ಕೋಪ ನೆತ್ತಿಗೇರಿತು. ಕಾರಣ ತಿಳಿದ ಮೇಲೆ ಕೋಪ ಇಳಿದು ಮುಖ ಬಾಡಿತು. ಕುದಿಸಿದರೆ ಸಾಕೇ ಎಂದು ಕೇಳಿದಳು. ಕುದಿಸಿದರೂ ತನಗೆ ಧೈರ್ಯವಿಲ್ಲ, ದಪ್ಪ ಜರಿಯೊಳಗೆ ಸ್ವಲ್ಪ ಉಳಿದರೂ ಮತ್ತೆ ಮೊದಲಿನಿಂದ, ದೀಪಾವಳಿಯೂ ಹತ್ತಿರ ಬಂತು ಎಂದರು ಮೇಧಾ. ಹರಿಣಾಕ್ಷಿ ಶಾಲನ್ನು ತೆಗೆದು ಒಮ್ಮೆ ಬಿಡಿಸಿ ನೋಡಿದಳು. ಬಚ್ಚಲ ಹಂಡೆಯ ಒಲೆಯಲ್ಲಿ ಬೆಂಕಿ ಉರಿಯುತ್ತಿತ್ತು.

"ಮೈಕಿನಲ್ಲಿ ಹೇಳಿದ್ದು ಹೇಗೂ ನನಗೆ ಬಾಯಿಪಾಠ ಉಂಟು" ಎಂದು ಅದನ್ನು ಒಲೆಗೆ ತುರುಕಿದಳು.

ಜರಿ ಹಸಿರಾಗಿ ಉರಿಯಿತು. ಅವಳು ಅಳುತ್ತಲೇ ನಕ್ಕಳು, ಮೇಧಾ ನಗುತ್ತಲೇ ಅತ್ತರು. ಕವರನ್ನೂ ಬಿಡಲಿಲ್ಲ, ಮಾರನೆಯ ದಿನ ಕಪಾಟನ್ನೂ ತಿಕ್ಕಿ ತೊಳೆದು ಬಿಸಿಲಿಗಿಟ್ಟರು. ಕೊನೆಯ ಸಲ ಮಾಂಜಿ ಹಳದಿಯಾಯಿತು. ಮಾಯಿದ ಗುರುತುಗಳು ಈ ಸಲ ಮಾಯಿದ ಹಾಗೇ ಉಳಿದವು. ಲ್ಯಾಬಿಗೆ ಕಳಿಸಿದ ಕೂದಲಿನಲ್ಲಿ ಏನೂ ಇಲ್ಲ ಎಂದು ಬಂತು. ನಂಬಿಕೆಯಾಗದೆ ಇನ್ನೊಮ್ಮೆ ಕಳಿಸಿದರು. ಅದೂ ಹಾಗೇ ಬಂದದ್ದು ದೀಪಾವಳಿಯ ಹಿಂದಿನ ದಿನ.

ಹಬ್ಬದ ಸಂಜೆ ಬೀಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹರಿಣಾಕ್ಷಿ ಹೊಸ ಸೀರೆಯುಟ್ಟು, ನೀಲಿ ಗ್ಲೌಸ್ ತೊಟ್ಟು, ಬೆಳ್ಳಗೆ ಹೊಳೆಯುವ ಮಾಂಜಿಯನ್ನು ನಡೆಸಿಕೊಂಡು ಬಂದಳು. ಮೇಧಾ ಅಲ್ಲೇ ಕಾದಿದ್ದರು. ಅವರು ಅವಳ ಎರಡೂ ಕೈಯ ಗ್ಲೌಸ್ ಎಳೆದು ತೆಗೆದರು. ಹರಿಣಾಕ್ಷಿ ಬರಿಗೈಯನ್ನು ಮಾಂಜಿಯ ಕುತ್ತಿಗೆಯ ಮೇಲೆ ಇಟ್ಟಳು. ಮಾಂಜಿ ಕೈಯನ್ನು ಮೂಸಿತು, ಮತ್ತೊಮ್ಮೆ ಮೂಸಿತು, ಆಮೇಲೆ ಪಟಾಕಿಯ ಸದ್ದನ್ನೂ ಮೀರಿಸಿ ಕೆನೆಯಿತು. ಹರಿಣಾಕ್ಷಿ ಅಷ್ಟು ಜನರ ಎದುರು ಅದರ ಕುತ್ತಿಗೆಗೆ ಜೋತುಬಿದ್ದು, ಕೆನ್ನೆಗೆ ಕೆನ್ನೆ ಒತ್ತಿ, ನನ್ನ ಬಂಗಾರ ನನ್ನ ಬಂಗಾರ ಎಂದು ಹೇಳುತ್ತಲೇ ಇದ್ದಳು.

ರೊಸಾರಿಯೊ ಲ್ಯಾಬಿನ ವರದಿಯನ್ನು ಎಲ್ಲರಿಗೂ ಕೇಳುವ ಹಾಗೆ ಓದಿದರು. ಮಕ್ಕಳು ಮುಂದೆ ಬಂದರು, ತಾಯಂದಿರು ಅಂಗಿ ಹಿಡಿದು ಹಿಂದಕ್ಕೆ ಎಳೆದರು. ವರದಿ ಸರಿ, ಆದರೆ ಮೊದಲು ಯಾರು ಎಂಬ ಪ್ರಶ್ನೆ ಎಲ್ಲರ ಮುಖದಲ್ಲೂ ಇತ್ತು. ಒಬ್ಬರೂ ಕೂರದಿದ್ದರೆ ಲಾರಿ ಬಂದ ಹಾಗೆಯೇ ಲೆಕ್ಕ.

"ಮೊದಲು ನಾನು" ಎಂದಳು ಹರಿಣಾಕ್ಷಿ.

ಚಂದು ಮೀನಿನ ಕ್ರೇಟೊಂದನ್ನು ತಂದು ಮಗುಚಿ ಹಾಕಿದ. ಮೇಧಾ ಒಂದು ಕಡೆಯಿಂದ ಎತ್ತಿದರು, ಚಂದು ಇನ್ನೊಂದು ಕಡೆಯಿಂದ ನೂಕಿದ. ಎರಡು ಸಲ ಜಾರಿ, ಮೂರನೆಯ ಸಲ ಹರಿಣಾಕ್ಷಿ ಜೀನಿನ ಮೇಲೆ ಕೂತಳು. ಕೂತವಳು ಕೆಳಗೆ ನೋಡಿ, ದೇವರೇ, ಇಷ್ಟು ಎತ್ತರ ಉಂಟಾ ಎಂದು ಕಣ್ಣು ಮುಚ್ಚಿದಳು. ಮಾಂಜಿ ನಾಲ್ಕು ಹೆಜ್ಜೆ ನಡೆಯಿತು. ಆಮೇಲೆ ಅದಕ್ಕೂ ಅದೇನು ಖುಷಿಯಾಯಿತೋ, ಹಗ್ಗವನ್ನು ಚಂದುವಿನ ಕೈಯಿಂದ ಎಳೆದುಕೊಂಡು ಅಲೆಗಳ ಅಂಚಿನಲ್ಲಿ ಓಡತೊಡಗಿತು. ಸೆರಗು ಹಾರಿತು, ಮುಡಿ ಬಿಚ್ಚಿತು. ಮೊದಲು ಕೇಳಿದ್ದು ಕಿರುಚಾಟ. ಸ್ವಲ್ಪ ದೂರ ಹೋದ ಮೇಲೆ ಅದು ನಗುವಾಗಿ, ಬಂಗುಡೆ ಕೂಗುವ ಅದೇ ಗಂಟಲಿನಲ್ಲಿ ಬೀಚಿನ ತುಂಬ ಕೇಳಿಸಿತು. ಮಕ್ಕಳು ಅಂಗಿ ಬಿಡಿಸಿಕೊಂಡು ಹಿಂದೆ ಓಡಿದರು. ಮಕ್ಕಳ ಹಿಂದೆ ತಾಯಂದಿರೂ ಓಡಿದರು.

ಅವಳು ತಿರುಗಿ ಬರುವ ಹೊತ್ತಿಗೆ ಕ್ರೇಟಿನ ಹತ್ತಿರ ಉದ್ದದ ಸಾಲು. ಸಾಲಿನ ತಲೆಯಲ್ಲಿ ರೊಸಾರಿಯೊ, ಮೊಮ್ಮಗಳನ್ನು ಎತ್ತಿಕೊಂಡು. ಮೈಸೂರಿನವರಿಗೆ ಲಾರಿ ಬೇಡವೆಂದು ಈಗಷ್ಟೇ ಫೋನು ಮಾಡಿದೆ, ಇನ್ನು ಇಳಿಯಿರಿ ಅಕ್ಕ, ಮಕ್ಕಳು ಕಾಯುತ್ತಿದ್ದಾರೆ ಎಂದು ಅವರು ಕೂಗಿ ಹೇಳಿದರು. ಹರಿಣಾಕ್ಷಿಗೆ ಅದು ಕೇಳಿಸಿತು. ಕೇಳಿಸಿದ್ದಕ್ಕೇ ಅವಳು ಬಗ್ಗಿ ಮಾಂಜಿಯ ಕಿವಿಯಲ್ಲಿ ಏನೋ ಹೇಳಿ, ಇಳಿಯದೆ, ಇನ್ನೊಂದು ಸುತ್ತು ತಿರುಗಿಸಿದಳು.